ಎಡಗಡೆಯ ಬ್ರೇಕು

ಬೇರೆಯವರಿಗೆ ಬುದ್ಧಿ ಹೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನಿಗೆ ಒಂದು ದೊಡ್ಡ ಅನುಕೂಲವಿದೆ. ಹೇಳಿದ್ದನ್ನು ಅವನು ಸ್ವತಃ ಮಾಡುತ್ತಾನೋ ಇಲ್ಲವೋ ಎಂದು ನೋಡುವವರು ಕಡಿಮೆ. ಡಾಕ್ಟರು ಸಿಗರೇಟು ಸೇದಿದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ, ಶಾಲೆಯ ಮೇಷ್ಟ್ರು ಮಗ್ಗಿ ತಪ್ಪಿದರೆ ಮಕ್ಕಳು ನಗುತ್ತಾರೆ. ಕಾರು ಕಲಿಸುವವನನ್ನು ಮಾತ್ರ ಯಾರೂ ಪರೀಕ್ಷೆ ಮಾಡುವುದಿಲ್ಲ. ಅವನ ಪಕ್ಕದಲ್ಲಿ ಕುಳಿತವರ ಎರಡು ಕಣ್ಣೂ ರಸ್ತೆಯ ಮೇಲಿರುತ್ತವೆ, ಎರಡು ಕೈಯೂ ಸ್ಟೇರಿಂಗಿನ ಮೇಲಿರುತ್ತವೆ, ಜೀವ ಬಾಯಿಗೆ ಬಂದಿರುತ್ತದೆ. ಅಂಥವರು ನನ್ನ ಕಡೆ ತಿರುಗಿ, "ಮಾಸ್ಟ್ರೇ, ನಿಮ್ಮ ಕಿವಿಯ ಹತ್ತಿರ ಇರುವುದು ಎಂತ?" ಎಂದು ಕೇಳುವುದು ಹೇಗೆ? ಇಪ್ಪತ್ತಾರು ವರ್ಷದಿಂದ ನಾನು ಮಂಗಳೂರಿನ ಜನರಿಗೆ ಕಾರು ಕಲಿಸುತ್ತಿದ್ದೇನೆ. ಮೊದಲಿನ ಕೆಲವು ವರ್ಷ ಬಿಟ್ಟರೆ ಉಳಿದದ್ದನ್ನೆಲ್ಲ ಫೋನಿನಲ್ಲಿ ಮಾತಾಡುತ್ತಲೇ ಕಲಿಸಿದ್ದೇನೆ.

ಕದ್ರಿಯ ಏರಿನಲ್ಲಿ, ಒಂದು ಝೆರಾಕ್ಸ್ ಅಂಗಡಿಯ ಪಕ್ಕದಲ್ಲಿ ನನ್ನ ಡ್ರೈವಿಂಗ್ ಸ್ಕೂಲು. ಸ್ಕೂಲು ಎಂದರೆ ಒಂದು ಮೇಜು, ಮೂರು ಕುರ್ಚಿ, ಟ್ರಾಫಿಕ್ ಚಿಹ್ನೆಗಳ ಒಂದು ಮಾಸಿದ ಚಾರ್ಟು, ಹೊರಗೆ ನಿಂತ ಒಂದು ಕಾರು. ಹೊಸಬರು ಸೇರಿದ ದಿನ ಅವರನ್ನು ಚಾರ್ಟಿನ ಮುಂದೆ ನಿಲ್ಲಿಸಿ ಹತ್ತು ನಿಯಮ ಹೇಳುತ್ತೇನೆ. ಅದರಲ್ಲಿ ಏಳನೆಯದು, ವಾಹನ ಓಡಿಸುವಾಗ ಫೋನು ಮುಟ್ಟಬಾರದು. ಆರನೆಯದು ಸೀಟ್ ಬೆಲ್ಟಿನದು, ಎಂಟನೆಯದು ಹಾರ್ನಿನದು. ಅವನ್ನು ನಾನು ಸಾಧಾರಣ ಸ್ವರದಲ್ಲಿ ಹೇಳಿದರೆ ಏಳನೆಯದನ್ನು ಬೆರಳೆತ್ತಿ ಹೇಳುತ್ತೇನೆ. ಹಾಗೆ ಬೆರಳೆತ್ತಿದ್ದಾಗಲೇ ಜೇಬಿನ ಫೋನು ಹೊಡೆದುಕೊಂಡು, ಅದೇ ಬೆರಳಿನಿಂದ "ಒಂದು ನಿಮಿಷ, ಅರ್ಜೆಂಟ್" ಎಂದು ಸನ್ನೆ ಮಾಡಿ ಹೊರಗೆ ಹೋದದ್ದು ಎಷ್ಟೋ ಸಲ. ನನಗೆ ಬರುವ ಫೋನುಗಳೆಲ್ಲ ಅರ್ಜೆಂಟೇ. ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಯಾವಾಗ ಸಿಗುತ್ತದೆ, ನಾಳೆ ಟೆಸ್ಟ್ ಉಂಟಾ, ಮಗನಿಗೆ ಹದಿನೆಂಟು ಆಗಲು ಇನ್ನು ಎರಡು ತಿಂಗಳು ಬಾಕಿ, ಏನಾದರೂ ಆಗುತ್ತದಾ? ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯನ್ನು ಮಾಡಿದವನು ಯಾವುದೋ ಡ್ರೈವಿಂಗ್ ಸ್ಕೂಲಿನ ಮುಂದೆ ನಿಂತಿದ್ದವನೇ ಇರಬೇಕು.

ನನ್ನ ಧೈರ್ಯಕ್ಕೆ ಕಾರಣ ಎಡಗಡೆಯ ಬ್ರೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲಿನ ಬುಡದಲ್ಲಿ ಇರುವ ಹಾಗೆ ಕಲಿಸುವವನ ಕಾಲಿನ ಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಅವರು ಎಲ್ಲಿಗೆ ನುಗ್ಗಿದರೂ ನಾನು ಬಲಗಾಲು ಊರಿದರೆ ಕಾರು ನಿಲ್ಲಬೇಕು. ಇಷ್ಟು ವರ್ಷದಲ್ಲಿ ನನ್ನ ಬಲಗಾಲು ಎಷ್ಟು ಪಳಗಿತ್ತೆಂದರೆ ಅದಕ್ಕೆ ನನ್ನ ತಲೆಯ ಅಗತ್ಯವೇ ಇರಲಿಲ್ಲ. ತಲೆ ಫೋನಿನಲ್ಲಿ, ಕಾಲು ಬ್ರೇಕಿನಲ್ಲಿ, ಹೀಗೆ ಕೆಲಸ ಹಂಚಿಹೋಗಿತ್ತು. ಬಾಯಿ ಫೋನಿಗೆ ಹೋದ ಮೇಲೆ ಪಾಠ ಹೇಳಲು ಬೆರಳುಗಳು ಉಳಿದವು. ಒಂದು ಬೆರಳು ಎತ್ತಿದರೆ ಫಸ್ಟ್ ಗೇರು, ಎರಡು ಎತ್ತಿದರೆ ಸೆಕೆಂಡು, ಅಂಗೈ ತೋರಿಸಿದರೆ ನಿಲ್ಲಿಸು, ಕೈಯನ್ನು ನೀರಿನಲ್ಲಿ ಆಡಿಸಿದ ಹಾಗೆ ಆಡಿಸಿದರೆ ಹಾಫ್ ಕ್ಲಚ್ಚು. ಕದ್ರಿಯಂಥ ಗುಡ್ಡೆಯ ಊರಿನಲ್ಲಿ ಹಾಫ್ ಕ್ಲಚ್ಚು ಬಂದರೆ ಅರ್ಧ ವಿದ್ಯೆ ಬಂದ ಹಾಗೆ. ನನ್ನ ಶಿಷ್ಯನೊಬ್ಬ ಟೆಸ್ಟಿನ ದಿನ ಇನ್‌ಸ್ಪೆಕ್ಟರ ಬೆರಳನ್ನೇ ನೋಡುತ್ತಾ ಕುಳಿತನಂತೆ. ಅವರು ಮೂಗಿನ ಹತ್ತಿರ ನೊಣ ಓಡಿಸಿದ್ದಕ್ಕೆ ಇವನು ಗೇರು ಬದಲಿಸಿ ಎದುರಿಗಿದ್ದ ಪ್ಲಾಸ್ಟಿಕ್ ಕೋನನ್ನು ಉರುಳಿಸಿದ. ಆ ಕಥೆಯನ್ನು ನಾನು ಹತ್ತು ವರ್ಷ ಎಲ್ಲರಿಗೂ ಹೇಳಿ ನಗಿಸಿದ್ದೇನೆ. ತಪ್ಪು ಅವನದೆಂದೇ ಹೇಳುತ್ತಿದ್ದೆ.

ನನಗೆ ಕಾರು ಕಲಿಸಿದ ಗುರುಗಳ ಹತ್ತಿರ ಫೋನು ಇರಲಿಲ್ಲ, ಬಾಯಿ ತುಂಬ ಎಲೆಯಡಿಕೆ ಇರುತ್ತಿತ್ತು. ಮಾತಾಡಿದರೆ ರಸ ಅಂಗಿಗೆ ಇಳಿಯುತ್ತದೆಂದು ಅವರು ಮಾತಾಡುತ್ತಿರಲಿಲ್ಲ. ಕೈಯಲ್ಲಿ ಮರದ ಒಂದು ಫುಟ್‌ರೂಲು ಇತ್ತು. ನಾನು ಗೇರಿನ ಕಡೆಗೋ ಕಾಲಿನ ಕಡೆಗೋ ಬಗ್ಗಿ ನೋಡಿದರೆ ಅದು ಗೆಣ್ಣಿಗೆ ಬೀಳುತ್ತಿತ್ತು. ದಿನಕ್ಕೆ ಒಂದೆರಡು ಸಲ, ಕಿಟಕಿಯ ಹೊರಗೆ ಉಗುಳಿದ ಮೇಲೆ, "ಎದುರು ನೋಡು" ಎನ್ನುತ್ತಿದ್ದರು. ಎರಡೇ ಶಬ್ದ. ನಾನು ಸ್ಕೂಲು ತೆರೆದಾಗ ಇಂಥ ಎರಡು ಶಬ್ದದ ಪಾಠದಿಂದ ಏನಾಗುತ್ತದೆ, ನಾನು ಸರಿಯಾಗಿ ಹತ್ತು ನಿಯಮ ಮಾಡುತ್ತೇನೆ ಎಂದುಕೊಂಡಿದ್ದೆ.

ಇನ್ನು ದಿನಾ ಹತ್ತೂವರೆಗೆ ಬರುವ ಒಂದು ಫೋನಿನ ವಿಷಯ ಹೇಳಬೇಕು. ನಮ್ಮ ಮನೆ ಬೋಳಾರದಲ್ಲಿ. ಅಲ್ಲಿಗೆ ಗಿರಿಜಕ್ಕ ಮೀನು ತರುತ್ತಾರೆ. ಬೆಳಿಗ್ಗೆ ದಕ್ಕೆಗೆ ಹೋಗಿ, ಬೋಟಿನಿಂದ ಇಳಿದ ಮೀನನ್ನು ಬುಟ್ಟಿಗೆ ತುಂಬಿ, ತಲೆಯ ಮೇಲೆ ಸಿಂಬಿ ಇಟ್ಟು ಹೊತ್ತುಕೊಂಡು ಓಣಿ ಓಣಿ ತಿರುಗುವವರು. ಅರುವತ್ತು ದಾಟಿದೆ. ನಾನು ಮದುವೆಯಾಗಿ ಈ ಮನೆಯಲ್ಲಿ ಸಂಸಾರ ಹೂಡಿದಾಗಿನಿಂದ ಅವರನ್ನು ಹೀಗೇ ನೋಡಿದ್ದೇನೆ. ಬುಟ್ಟಿ ಇಲ್ಲದ ಅವರ ತಲೆ ನೋಡಿದ ನೆನಪೇ ನನಗಿರಲಿಲ್ಲ. ಅವರು ನಮ್ಮ ಜಗಲಿಯಲ್ಲಿ ಬುಟ್ಟಿ ಇಳಿಸಿದ ಕೂಡಲೇ ನನ್ನ ಹೆಂಡತಿ ಸುಮತಿ ನನಗೆ ಫೋನು ಮಾಡಬೇಕು. ಮನೆಯಲ್ಲಿ ನಾವು ಮಾತಾಡುವುದು ತುಳು, ನಿಮಗಾಗಿ ಕನ್ನಡ ಮಾಡಿ ಬರೆಯುತ್ತೇನೆ. "ಬಂಗುಡೆ ಉಂಟು, ಬೂತಾಯಿ ಉಂಟು, ನಂಗ್ ಸ್ವಲ್ಪ ಉಂಟು. ಎಂತ ತಗೊಳ್ಳುವುದು?" ಮೀನು ಆರಿಸಲು ನನಗಿಂತ ಸುಮತಿಗೇ ಚೆನ್ನಾಗಿ ಬರುತ್ತದೆ. ಆದರೂ ಯಜಮಾನನೆಂಬ ಭ್ರಮೆ ನನಗಿರಲಿ ಎಂದು ಅವಳು ಮಾಡಿಕೊಂಡ ಏರ್ಪಾಟು ಇದು. ನಾನು ಏರಿನ ಅರ್ಧದಲ್ಲಿ, ಹಿಂದಿನ ಬಸ್ಸು ಬೊಬ್ಬೆ ಹೊಡೆಯುತ್ತಿರುವಾಗ, ಪಕ್ಕದಲ್ಲಿ ಯಾರೋ ಬೆವರುತ್ತಾ ಕ್ಲಚ್ಚು ಬಿಡುತ್ತಿರುವಾಗ, "ಕಣ್ಣು ಕೆಂಪಾಗಿದೆಯಾ ನೋಡು, ಕಿವಿ ಎತ್ತಿ ನೋಡು" ಎನ್ನುತ್ತಿದ್ದೆ. ಎಷ್ಟೋ ಜನ ಶಿಷ್ಯರಿಗೆ ಒಳ್ಳೆಯ ಬಂಗುಡೆ ಯಾವುದೆಂದು ನನ್ನಿಂದಲೇ ತಿಳಿದದ್ದು.

ಲಲಿತಕ್ಕ ನನ್ನಲ್ಲಿ ಸೇರಿದ್ದು ಕಳೆದ ಚಳಿಗಾಲದಲ್ಲಿ. ನಮ್ಮ ಬೋಳಾರದವರೇ, ಎರಡು ಓಣಿ ಆಚೆ ಮನೆ. ಐವತ್ತೆರಡು ವರ್ಷ. ಗಂಡ ಮಸ್ಕತ್ತಿನಲ್ಲಿ. ಅವರು ರಜೆಯಲ್ಲಿ ಬಂದಾಗ ಓಡಿಸಲಿಕ್ಕೆಂದು ತೆಗೆದ ಕಾರು ವರ್ಷದಲ್ಲಿ ಹನ್ನೊಂದು ತಿಂಗಳು ಹೊದಿಕೆ ಹೊದ್ದು ನಿಂತಿರುತ್ತಿತ್ತು. ಲಲಿತಕ್ಕನ ತಂಗಿ ಇರುವುದು ತೊಕ್ಕೊಟ್ಟಿನಲ್ಲಿ. "ಮಾಸ್ಟ್ರೇ, ನನಗೆ ಬೇರೆ ಎಂತ ಬೇಡ. ನೇತ್ರಾವತಿ ಹೊಳೆಯ ಸಂಕ ದಾಟಿ ತಂಗಿಯ ಮನೆಯ ಗೇಟಿನ ಹತ್ತಿರ ಹೋಗಿ ಒಂದು ಹಾರ್ನ್ ಹಾಕಬೇಕು. ಅವಳು ಹೊರಗೆ ಬಂದು ನೋಡಬೇಕು. ಅಷ್ಟೇ," ಎಂದಿದ್ದರು ಮೊದಲ ದಿನ. ಒಂದು ನೋಟ್‌ಬುಕ್ ಇಟ್ಟುಕೊಂಡು ನಾನು ಹೇಳಿದ ಹತ್ತು ನಿಯಮವನ್ನೂ ಬರೆದುಕೊಂಡರು. ಏಳನೆಯದರ ಅಡಿಗೆ ಗೆರೆ ಎಳೆದರು. ನನ್ನ ಶಿಷ್ಯರಲ್ಲಿ ಅಷ್ಟು ಶ್ರದ್ಧೆಯಿಂದ ಕಲಿತವರು ಕಡಿಮೆ. ಟೆಸ್ಟಿನಲ್ಲಿ ಒಂದೇ ಸಲಕ್ಕೆ ಪಾಸಾಗಿ, ಲೈಸೆನ್ಸ್ ಕೈಗೆ ಬಂದ ದಿನ ಅದನ್ನು ಮಂಗಳಾದೇವಿಯ ಎದುರಿಗಿಟ್ಟು ಪೂಜೆ ಮಾಡಿಸಿಕೊಂಡು ಬಂದರು.

ಲೈಸೆನ್ಸ್ ಸಿಕ್ಕಿದ ಮೇಲೂ ನಮ್ಮಲ್ಲಿ ಒಂದು ಕ್ರಮವಿದೆ. ಸ್ಕೂಲಿನ ಕಾರಿನಲ್ಲಿ ಕಲಿತವರಿಗೆ ತಮ್ಮ ಸ್ವಂತ ಕಾರು ಹೊರಗೆ ತೆಗೆಯಲು ಹೆದರಿಕೆ. "ನಾಲ್ಕು ದಿನ ಪಕ್ಕದಲ್ಲಿ ಕೂತ್ಕೊಳ್ಳಿ ಮಾಸ್ಟ್ರೇ, ಸುಮ್ಮನೆ, ಧೈರ್ಯಕ್ಕೆ" ಎನ್ನುತ್ತಾರೆ. ನಾನು ಹೋಗಿ ಕುಳಿತುಕೊಳ್ಳುತ್ತೇನೆ. ದೇವರ ಪಟ ಡ್ಯಾಶ್‌ಬೋರ್ಡಿನಲ್ಲಿ, ನಾನು ಎಡಗಡೆಯ ಸೀಟಿನಲ್ಲಿ, ಇಬ್ಬರದೂ ಒಂದೇ ಕೆಲಸ. ಲಲಿತಕ್ಕನ ಕಾರಿನಲ್ಲಿ ಹಾಗೆ ಎರಡು ದಿನ ಕುಳಿತೆ. ಚೆನ್ನಾಗಿಯೇ ಓಡಿಸಿದರು. ಮೂರನೆಯ ದಿನ ಹೊರಡುವಾಗ, "ನಾಳೆ ಸಂಕ ದಾಟುವ," ಎಂದೆ. ಅವರ ಮುಖ ನೋಡಬೇಕಿತ್ತು.

ಆ ದಿನ ಹತ್ತೂ ಮುಕ್ಕಾಲಿಗೆ ನಾವು ಬೋಳಾರದ ಒಂದು ಓಣಿಯಲ್ಲಿದ್ದೆವು. ಮುರಕಲ್ಲಿನ ಕಂಪೌಂಡು, ಸಣ್ಣ ತಿರುವು, ಇಪ್ಪತ್ತರ ಮೇಲಿಲ್ಲದ ಸ್ಪೀಡು. ಫೋನು ಬಂತು. ಸುಮತಿ. "ಗಿರಿಜಕ್ಕ ಇನ್ನೂ ಬರಲಿಲ್ಲ. ಗಂಟೆ ನೋಡಿದ್ರಾ? ಮಸಾಲೆ ಕಡೆದು ಇಟ್ಟಾಯ್ತು. ಎಂತ ಮಾಡುವುದು?" ಹಿಂದಿನ ದಿನ ನಾನೇ ಹೇಳಿ ಕಳಿಸಿದ್ದೆ, ಕಾಣೆ ಮೀನು ತಿನ್ನದೆ ಬಹಳ ದಿನ ಆಯಿತು, ಗಿರಿಜಕ್ಕನಿಗೆ ತರಲು ಹೇಳು ಎಂದು. ನಾನು ಫೋನನ್ನು ಕಿವಿಯಿಂದ ತೆಗೆಯದೆಯೇ ಲಲಿತಕ್ಕನ ಕಡೆ ತಿರುಗಿದೆ. "ಲಲಿತಕ್ಕ, ನಿಮ್ಮ ಕಡೆಗೆ ಬಂದಿದ್ದರಾ ಗಿರಿಜಕ್ಕ ಇವತ್ತು?"

ಗುರುಗಳು ಕೇಳಿದರೆ ಶಿಷ್ಯರು ಉತ್ತರ ಕೊಡಬೇಕಲ್ಲ. ಅದೂ ಲಲಿತಕ್ಕನಂಥವರು ಮುಖ ನೋಡಿಯೇ ಉತ್ತರ ಕೊಡುವವರು. ಅವರು ನನ್ನ ಕಡೆ ತಿರುಗಿ, "ಇಲ್ಲ ಮಾಸ್ಟ್ರೇ, ನಾನೂ ಕಾದೆ," ಎಂದರು. ಆಗ ಎದುರಿಗೆ ಬುಟ್ಟಿ ಕಂಡಿತು. ನನಗೆ ಮೊದಲು ಕಂಡದ್ದು ಬುಟ್ಟಿಯೇ. ನನ್ನ ಬಲಗಾಲು ತನ್ನ ಕೆಲಸ ಮಾಡಿತು. ಇಪ್ಪತ್ತಾರು ವರ್ಷ ಮಾಡಿದ ಹಾಗೆಯೇ, ಮೈಯ ಭಾರವನ್ನೆಲ್ಲ ಹಾಕಿ ಊರಿತು. ಅಡಿಯಲ್ಲಿ ರಬ್ಬರಿನ ಮ್ಯಾಟು ಇತ್ತು. ಅದು ಲಲಿತಕ್ಕನ ಸ್ವಂತ ಕಾರು. ಅದರಲ್ಲಿ ಎಡಗಡೆ ಬ್ರೇಕು ಇಲ್ಲ.

ಕಾರಿನ ಬಲಮೂಲೆ ತಾಗಿತು. ಲಲಿತಕ್ಕ ಆಮೇಲೆ ಬ್ರೇಕು ಹಾಕಿದರು, ಕಾರು ಗಕ್ಕೆಂದು ಅಲ್ಲೇ ಆಫ್ ಆಯಿತು. ನಾನು ಇಳಿದು ಓಡುವಾಗ ಗಿರಿಜಕ್ಕ ಚರಂಡಿಯ ಅಂಚಿನಲ್ಲಿ ಒಂದು ಮಗ್ಗುಲಾಗಿ ಬಿದ್ದಿದ್ದರು. ಸುತ್ತ ಮೀನು, ಮಂಜುಗಡ್ಡೆ. ಅವರು ನೋವೆಂದು ಹೇಳಲಿಲ್ಲ. "ಮೀನು ಹೆಕ್ಕಿ ಮಾಸ್ಟ್ರೇ, ನಾಯಿ ಬರ್ತದೆ," ಎಂದು ಕೂಗಿದರು. ಏಳಲು ನೋಡಿದರು, ಸೊಂಟದ ಕೆಳಗಿನದು ಅವರೊಂದಿಗೆ ಏಳಲಿಲ್ಲ. ಆಮೇಲೆ ಕೂಗಿದ್ದು ಬೇರೆ ಕೂಗು. ಫೋನು ನನ್ನ ಕೈಯಲ್ಲೇ ಇತ್ತು, ಕಟ್ಟಾಗಿರಲಿಲ್ಲ. ಅದರೊಳಗಿನಿಂದ ಸುಮತಿಯ ಸ್ವರ ಬಂತು. "ಹಲೋ, ಅದು ಗಿರಿಜಕ್ಕನ ಸ್ವರ ಅಲ್ಲವಾ? ಅಲ್ಲೇ ಸಿಕ್ಕಿದರಾ? ಕಾಣೆ ಉಂಟಾ ಕೇಳಿ."

ಕಾಣೆ ಇತ್ತು. ಎಂಟು, ಬಾಳೆ ಎಲೆಯಲ್ಲಿ ಬೇರೆಯೇ ಸುತ್ತಿ ಇಟ್ಟದ್ದು, ಎಲೆ ಬಿಚ್ಚಿಕೊಂಡು ರಸ್ತೆಯಲ್ಲಿ ಬಿದ್ದಿತ್ತು. ಅಷ್ಟು ಒಳ್ಳೆಯ ಕಾಣೆ ನಾನು ಈಚೆಗೆ ನೋಡಿರಲಿಲ್ಲ. ಅಂಥ ಹೊತ್ತಿನಲ್ಲೂ ನನಗೆ ಹಾಗೆ ಅನಿಸಿತೆಂಬುದನ್ನು ಮುಚ್ಚಿಡುವುದಿಲ್ಲ. ಮನುಷ್ಯನ ತಲೆ ಎಷ್ಟು ಕೀಳು ಜಾಗಗಳಲ್ಲಿ ಅಲೆಯುತ್ತದೆಂದು ಆ ದಿನ ನನಗೆ ಗೊತ್ತಾಯಿತು.

ಆಸ್ಪತ್ರೆಗೆ ನಾವೇ ಸೇರಿಸಿದೆವು. ಸೊಂಟದ ಎಲುಬು ಮುರಿದಿತ್ತು. ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನನ್ನ ಬಲಗಾಲಿನ ಮಣಿಗಂಟು ಊದಿದ್ದು ಕಂಡಿತು. ಅಲ್ಲಿದ್ದ ಎಳೆಯ ಡಾಕ್ಟರು ಅದನ್ನು ಹಿಡಿದು ತಿರುಗಿಸಿ ನೋಡಿದರು. "ಉಳುಕಿದೆ. ಹೇಗೆ ಆಯಿತು ನಿಮಗೆ?"

"ಬ್ರೇಕ್ ಹಾಕಿದ್ದು."

"ಓ, ಡ್ರೈವ್ ಮಾಡ್ತಾ ಇದ್ದದ್ದು ನೀವಾ?"

"ಅಲ್ಲ."

ಡಾಕ್ಟರು ನನ್ನ ಮುಖ ನೋಡಿ, ತಲೆಗೂ ಏನಾದರೂ ಪೆಟ್ಟು ಬಿದ್ದಿದೆಯಾ ಎಂದು ಕೇಳಿದರು. ಇಲ್ಲವೆಂದೆ. ಕಾಲಿಗೆ ಬಟ್ಟೆ ಸುತ್ತಿ ಕಳಿಸಿದರು.

ಪೊಲೀಸ್ ಠಾಣೆಯಲ್ಲಿ ಹೇಳಿಕೆ ಬರೆದುಕೊಂಡವರು ಘಟ್ಟದ ಮೇಲಿನ ಕಡೆಯವರು, ಒಳ್ಳೆಯ ಮನುಷ್ಯ. "ಡ್ರೈವಿಂಗ್ ಸೀಟಲ್ಲಿ ಇದ್ದೋರು ಫೋನಲ್ಲಿ ಮಾತಾಡ್ತಿದ್ರಾ?" ಎಂದು ಕೇಳಿದರು. "ಇಲ್ಲ," ಎಂದೆ. ಅದು ನಿಜ. ಅವರು "ಇಲ್ಲ" ಎಂದು ಬರೆದುಕೊಂಡರು. ಪಕ್ಕದ ಸೀಟಿನಲ್ಲಿದ್ದವನು ಏನು ಮಾಡುತ್ತಿದ್ದ ಎಂದು ಅವರು ಕೇಳಲಿಲ್ಲ. ಲಲಿತಕ್ಕ ನನ್ನ ಪಕ್ಕದಲ್ಲೇ ಬೆಂಚಿನಲ್ಲಿ ಕುಳಿತಿದ್ದರು. ಅವರನ್ನು ಕೇಳಿದಾಗ, "ನಾನು ನೋಡಲಿಲ್ಲ ಸಾರ್. ತಪ್ಪು ನನ್ನದೇ. ಮಾಸ್ಟ್ರು ಪಾಪ ಬ್ರೇಕ್ ಹಾಕಿದ್ರು, ನನ್ನ ಕಾರಿನಲ್ಲಿ ಅದು ಇಲ್ಲ," ಎಂದರು. ಯಾಕೆ ನೋಡಲಿಲ್ಲ ಎಂದು ಅವರು ಹೇಳಲಿಲ್ಲ. ನಾನು ಹೇಳುತ್ತೇನೆಂದು ಕಾದಿರಬೇಕು. ನಾನು ಗೋಡೆಯ ಕ್ಯಾಲೆಂಡರನ್ನು ನೋಡುತ್ತಾ ಕುಳಿತೆ. ಅದು ಎರಡು ತಿಂಗಳ ಹಿಂದಿನ ಹಾಳೆಯಲ್ಲೇ ನಿಂತಿತ್ತು.

ಆ ವಾರ ನಾನು ಹೇಗಿದ್ದೆನೆಂದು ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕದ್ರಿಯಲ್ಲಿ ನಾನು ಚಹಾ ಕುಡಿಯುವ ಹೋಟೆಲಿನಲ್ಲಿ ಸುದ್ದಿ ನನಗಿಂತ ಮೊದಲೇ ಬಂದು ಕುಳಿತಿತ್ತು. "ಈ ಹೆಂಗಸರ ಕೈಗೆ ಕಾರು ಕೊಟ್ಟರೆ ಹೀಗೇ ಮಾರಾಯ," ಎಂದ ಒಬ್ಬ. "ಫೋನಿನಲ್ಲಿ ಇದ್ದಿರಬೇಕು, ಗಂಡ ಮಸ್ಕತ್ತಿನಿಂದ ಮಾಡಿದ್ದಿರಬೇಕು," ಎಂದ ಇನ್ನೊಬ್ಬ. ಆಮೇಲೆ ಇಬ್ಬರೂ ನನ್ನ ಕಡೆ ನೋಡಿ, "ಅಲ್ಲವಾ ಮಾಸ್ಟ್ರೇ?" ಎಂದರು. ನಾನು ತಲೆಯಾಡಿಸಿದೆ. ಹೌದೆಂದೂ ಅಲ್ಲ, ಅಲ್ಲವೆಂದೂ ಅಲ್ಲ ಎನ್ನುವ ಹಾಗೆ ಆಡಿಸಿದೆನೆಂದು ಆಗ ಸಮಾಧಾನ ಮಾಡಿಕೊಂಡಿದ್ದೆ. ನೋಡಿದವರಿಗೆ ಅದು ಹೌದೆಂದೇ ಕಂಡಿತು. ಲಲಿತಕ್ಕನ ಕಾರು ಮತ್ತೆ ಹೊದಿಕೆ ಹೊದ್ದುಕೊಂಡಿತು. ಅವರು ಬಸ್ಸಿಗೂ ಹೊರಗೆ ಬರುವುದಿಲ್ಲ, ತಂಗಿಯೇ ತೊಕ್ಕೊಟ್ಟಿನಿಂದ ಬಂದು ನೋಡಿ ಹೋಗುತ್ತಾಳೆ ಎಂದು ಸುಮತಿ ಹೇಳಿದಳು. ಹೇಳಿ, ನಾನು ಏನಾದರೂ ಹೇಳುತ್ತೇನೋ ಎಂದು ನಿಂತಳು. ಆ ಫೋನಿನ ಆಚೆ ತುದಿಯಲ್ಲಿ ಇದ್ದವಳು ಅವಳು. ನಾನು ಲಲಿತಕ್ಕನಿಗೆ ಕೇಳಿದ ಪ್ರಶ್ನೆಯನ್ನು ಅವಳೂ ಕೇಳಿಸಿಕೊಂಡಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅವಳ ಕಣ್ಣು ತಪ್ಪಿಸಿ ಊಟ ಮಾಡಿದ್ದು ಆ ವಾರವೇ.

ಎಂಟನೆಯ ದಿನ ಗಿರಿಜಕ್ಕನನ್ನು ನೋಡಲು ಆಸ್ಪತ್ರೆಗೆ ಹೋದೆ. ಕಿತ್ತಳೆ ಹಣ್ಣು ತೆಗೆದುಕೊಂಡು ಹೋಗಿದ್ದೆ, ಅದನ್ನು ಎಲ್ಲಿಡಬೇಕೆಂದು ಗೊತ್ತಾಗದೆ ತೊಡೆಯ ಮೇಲೇ ಇಟ್ಟುಕೊಂಡು ಕುಳಿತೆ. ಅವರ ಸೊಸೆ ಹೊರಗೆ ಕಾರಿಡಾರಿನಲ್ಲಿದ್ದಳು. ಸೊಂಟಕ್ಕೆ ರಾಡು ಹಾಕಿ ಆಗಿತ್ತು. ವಾಕರ್ ಹಿಡಿದು ನಡೆಯಬಹುದು, ಆದರೆ ಇನ್ನು ಭಾರ ಹೊರುವ ಹಾಗಿಲ್ಲ ಎಂದಿದ್ದರಂತೆ ಡಾಕ್ಟರು. ತಲೆಯ ಮೇಲೆ ಬುಟ್ಟಿ ಇಲ್ಲದ ಗಿರಿಜಕ್ಕನನ್ನು ನಾನು ಸಾವಧಾನವಾಗಿ ನೋಡಿದ್ದು ಅದೇ ಮೊದಲು. ಸಿಂಬಿ ಇಟ್ಟು ಇಟ್ಟು ನಡುನೆತ್ತಿಯ ಕೂದಲು ಸವೆದು ಅಲ್ಲೊಂದು ಸಣ್ಣ ಬಯಲು ಆಗಿತ್ತು.

"ಆ ಲಲಿತಕ್ಕ ನಿನ್ನೆ ತಂಗಿಯ ಕೈ ಹಿಡ್ಕೊಂಡು ಬಂದಿದ್ದರು," ಎಂದರು ಗಿರಿಜಕ್ಕ. "ಬರೀ ಅಳುವುದು. ಒಳ್ಳೆಯ ಹೆಂಗಸು ಮಾಸ್ಟ್ರೇ. ಇಷ್ಟು ವರ್ಷ ನನ್ನಿಂದ ಮೀನು ತಗೊಂಡಿದ್ದಾರೆ, ಒಂದು ದಿನ ಚರ್ಚೆ ಮಾಡ್ಲಿಲ್ಲ. ನಿಮ್ಮ ಸುಮತಿಯಕ್ಕನ ಹಾಗೆ ಅಲ್ಲ." ದಿಂಬನ್ನು ಸರಿ ಮಾಡಿಕೊಂಡು ಮತ್ತೆ ಹೇಳಿದರು. "ನಾನು ಕಾರು ನೋಡಿದ್ದೇನೆ. ನಿಧಾನ ಬರ್ತಾ ಇತ್ತು. ನಿಲ್ಲಿಸ್ತಾರೆ ಅಂತ ನಾನು ಬದಿಗೆ ಹೋಗ್ಲಿಲ್ಲ. ಗ್ಲಾಸಿನಲ್ಲಿ ಲಲಿತಕ್ಕ ಕಂಡರು. ಮುಖ ಅಲ್ಲ, ತುರುಬು. ಆಚೆ ತಿರುಗಿ ಎಂತದೋ ನೋಡ್ತಾ ಇದ್ದರು. ಎಂತ ನೋಡ್ತಾ ಇದ್ದದ್ದು ಅವರು? ಅವರನ್ನು ಕೇಳಿದೆ, ಹೇಳ್ಲಿಲ್ಲ."

ಸುಳ್ಳು ಹೇಳಲು ನನಗೆ ಸಾಕಷ್ಟು ಸಮಯ ಇತ್ತು. ಕಿತ್ತಳೆಯ ಚೀಲದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದೆ. ಆಮೇಲೆ, "ನನ್ನನ್ನು," ಎಂದೆ.

ಗಿರಿಜಕ್ಕ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಹಳಸಿದ ಮೀನನ್ನು ನಾವು ಅವರ ಬುಟ್ಟಿಯಲ್ಲಿ ನೋಡುತ್ತಿದ್ದ ಹಾಗೆ ನೋಡಿದರು. "ನಿಮ್ಮಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ?"

ಎಲ್ಲ ಹೇಳಿದೆ. ಸುಮತಿಯ ಫೋನು ಬಂದದ್ದು, ನಾನು ತಿರುಗಿ ಲಲಿತಕ್ಕನನ್ನು ಕೇಳಿದ್ದು, ಅವರು ಉತ್ತರ ಕೊಡಲು ನನ್ನ ಕಡೆ ನೋಡಿದ್ದು.

"ಹಾಗಾದರೆ ನೀವು ಇಬ್ಬರೂ ಹುಡುಕ್ತಾ ಇದ್ದದ್ದು ನನ್ನನ್ನೇ," ಎಂದರು.

"ಹೌದು."

"ನಾನು ಎದುರಿಗೇ ಇದ್ದೆನಲ್ಲ ಮಾಸ್ಟ್ರೇ."

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಹಾಗೆಯೇ ಗೋಡೆ ನೋಡಿಕೊಂಡು, "ಕಾಣೆ ಅಂತ ನೀವು ಹೇಳದಿದ್ದರೆ ನಾನು ದಕ್ಕೆಯಲ್ಲಿ ಅಷ್ಟು ಹೊತ್ತು ಕಾಯ್ತಾ ಇರಲಿಲ್ಲ," ಎಂದರು. ಆಮೇಲೆ, "ಪೊಲೀಸರಿಗೆ ಹೇಳಿದ್ದೀರಾ ಇದನ್ನು?" ಎಂದರು. ಇಲ್ಲವೆಂದೆ. "ಹೇಳಿ. ಆ ಹೆಂಗಸು ಸುಮ್ಮನೆ ಸಾಯ್ತಾ ಇದ್ದಾರೆ," ಎಂದರು. ಹಣ್ಣನ್ನು ಇಟ್ಟು ಹೋಗಿ ಎಂದು ಹೇಳಲಿಲ್ಲ, ತೆಗೆದುಕೊಂಡು ಹೋಗಿ ಎಂದೂ ಹೇಳಲಿಲ್ಲ. ಸೊಸೆಯ ಕೈಗೆ ಕೊಟ್ಟು ಬಂದೆ.

ಠಾಣೆಗೆ ಹೋಗಿ ಹೇಳಿದೆ. ಘಟ್ಟದ ಮೇಲಿನ ಆ ಪೊಲೀಸರು ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದರು. "ಗಾಡಿ ಓಡಿಸ್ತಿದ್ದಿದ್ದು ನೀವಲ್ಲ, ಅವರ ಹತ್ರ ಲೈಸೆನ್ಸ್ ಇದೆ. ನೀವು ಫೋನಲ್ಲಿ ಮಾತಾಡಿದ್ದು ಎಲ್ಲಿ ಬರ್ಕೊಳ್ಳೋದು ನಾನು?" ಎಂದರು. ಎಲ್ಲಿಯಾದರೂ ಬರೆದುಕೊಳ್ಳಿ ಎಂದೆ. ಕೊನೆಗೆ ಹೇಳಿಕೆಯ ಅಡಿಯಲ್ಲಿ ನಾಲ್ಕು ಸಾಲು ಬರೆದು ನನ್ನ ಸಹಿ ಹಾಕಿಸಿಕೊಂಡರು. ಅಲ್ಲಿಂದ ಹೋಟೆಲಿಗೆ ಹೋಗಿ, ಆ ಇಬ್ಬರೂ ಇರುವಾಗಲೇ ಹೇಳಿದೆ. ಅವರು ನಂಬಲಿಲ್ಲ. "ನೀವು ದೊಡ್ಡ ಮನಸ್ಸಿನವರು ಮಾಸ್ಟ್ರೇ, ಹೆಂಗಸಿನ ತಪ್ಪನ್ನು ಮೇಲೆ ಹಾಕಿಕೊಳ್ತೀರಿ," ಎಂದು ಚಹಾ ತರಿಸಿಕೊಟ್ಟರು. ಸುಳ್ಳಿಗೆ ತಲೆಯಾಡಿಸಿದಾಗ ನಂಬಿದ ಜನ, ನಿಜಕ್ಕೆ ಚಹಾ ಕುಡಿಸಿದರು. ಲಲಿತಕ್ಕನ ಮನೆಗೂ ಹೋದೆ. ಅವರು ಕೇಳಿಸಿಕೊಂಡು, "ಆದರೂ ನೋಡಬೇಕಾದವಳು ನಾನೇ ಅಲ್ಲವಾ ಮಾಸ್ಟ್ರೇ," ಎಂದಷ್ಟೇ ಹೇಳಿದರು. ಕಾರಿನ ಹೊದಿಕೆ ಈಗಲೂ ತೆಗೆದಿಲ್ಲ. ಒಳಗೆ ಮೇಜಿನ ಮೇಲೆ ಆ ನೋಟ್‌ಬುಕ್ ಇತ್ತು. ಏಳನೆಯ ನಿಯಮದ ಕೆಳಗೆ ಗೆರೆ ಎಳೆದ ಪುಟ ನನಗೆ ನೆನಪಿತ್ತು, ಕೇಳಿ ನೋಡುವ ಧೈರ್ಯವಾಗಲಿಲ್ಲ.

ಈಗ ಮೀನು ಮಾರುವುದು ಗಿರಿಜಕ್ಕನ ಸೊಸೆ, ಸ್ಕೂಟರಿನ ಹಿಂದೆ ಥರ್ಮಾಕೋಲ್ ಪೆಟ್ಟಿಗೆ ಕಟ್ಟಿಕೊಂಡು. ಗಿರಿಜಕ್ಕ ಮನೆಯ ಜಗಲಿಯಲ್ಲಿ ಸ್ಟೂಲಿನ ಮೇಲೆ ಕುಳಿತು, ವಾಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮನೆ ಮನೆಗೆ ಫೋನು ಮಾಡಿ ಆರ್ಡರು ತೆಗೆದುಕೊಳ್ಳುತ್ತಾರೆ. ಆ ದಿನದ ನಂತರ ಸುಮತಿ ನನಗೆ ಹಗಲು ಹೊತ್ತಿನಲ್ಲಿ ಫೋನು ಮಾಡುವುದನ್ನೇ ಬಿಟ್ಟಿದ್ದಾಳೆ. ಗಿರಿಜಕ್ಕ ಬಿಟ್ಟಿಲ್ಲ. ಮೀನು ಹೇಳುತ್ತಿದ್ದದ್ದು ಮಾಸ್ಟ್ರಲ್ಲವಾ, ಅವರೇ ಹೇಳಲಿ ಎಂದು ಹತ್ತೂವರೆಗೆ ಸರಿಯಾಗಿ ನನಗೇ ಮಾಡುತ್ತಾರೆ. ಅವರಿಗೆ ಮೀನು ಮಾರುವುದಕ್ಕಿಂತ ನನ್ನನ್ನು ಪರೀಕ್ಷೆ ಮಾಡುವುದೇ ಮುಖ್ಯವೆಂದು ನನ್ನ ಅನುಮಾನ. ನಾನು ಕಲಿಯುವವರಿಗೆ ಹೇಳಿ ಕಾರನ್ನು ಬದಿಗೆ ಹಾಕಿಸಿ, ಇಂಜಿನ್ ಆಫ್ ಮಾಡಿಸಿ, ಆಮೇಲೆ ಫೋನು ಎತ್ತುತ್ತೇನೆ. "ನಿಂತಿದ್ದೀರಾ?" ಎನ್ನುತ್ತಾರೆ. ನಿಂತಿದ್ದೇನೆ ಎಂದರೆ ನಂಬುವುದಿಲ್ಲ. "ಹ್ಯಾಂಡ್‌ಬ್ರೇಕ್ ಎಳೆಯಿರಿ, ನನಗೆ ಕೇಳಬೇಕು." ನಾನು ಎಳೆದಿದ್ದ ಹ್ಯಾಂಡ್‌ಬ್ರೇಕನ್ನು ಒಮ್ಮೆ ಇಳಿಸಿ, ಫೋನನ್ನು ಅದರ ಹತ್ತಿರ ಹಿಡಿದು, ಮತ್ತೆ ಎಳೆಯುತ್ತೇನೆ. ಕರ್ರ್ ಎನ್ನುತ್ತದೆ. "ಹ್ಞಾಂ, ಈಗ ಹೇಳಿ. ಬಂಗುಡೆ ಉಂಟು, ಬೂತಾಯಿ ಉಂಟು." ಕಾಣೆ ಎಂಬ ಮಾತನ್ನು ಅವರು ಹೇಳುವುದಿಲ್ಲ, ನಾನು ಕೇಳುವುದಿಲ್ಲ.

ಇಷ್ಟು ಬರೆದು ಒಳ್ಳೆಯವನಾಗಿ ಎದ್ದು ಹೋಗಬಹುದಿತ್ತು. ಆದರೆ ಮೊನ್ನೆ ನಡೆದದ್ದನ್ನೂ ಹೇಳಬೇಕು. ಪಂಪ್‌ವೆಲ್ ಸರ್ಕಲಿನ ಹತ್ತಿರ ಹೊಸ ಹುಡುಗಿಯೊಬ್ಬಳು ಕಾರು ಓಡಿಸುತ್ತಿದ್ದಳು. ಹಿಂದೆ ಬಸ್ಸು, ಬದಿಯಲ್ಲಿ ಲಾರಿ, ನಿಲ್ಲಿಸಲು ಜಾಗವಿಲ್ಲ. ಗಂಟೆ ಹತ್ತೂವರೆ, ಫೋನು ಹೊಡೆದುಕೊಳ್ಳುತ್ತಿದೆ, ನಿಲ್ಲುತ್ತಿಲ್ಲ. ಹ್ಯಾಂಡ್‌ಬ್ರೇಕಿನ ಆ ಕರ್ರ್ ಶಬ್ದವನ್ನು ಒಂದು ಸಲ ರೆಕಾರ್ಡ್ ಮಾಡಿ ಇಟ್ಟುಕೊಂಡರೆ ಇಂಥ ಹೊತ್ತಿಗೆ ಎಷ್ಟು ಸುಲಭ ಎಂದು ನನಗೆ ಹೊಳೆಯಿತು. ಎಂಥ ಉಪಾಯ ಎಂದು ಒಳಗೊಳಗೇ ಸಂತೋಷವೂ ಆಯಿತು. ಯೋಚಿಸುತ್ತಾ ಕೈ ಜೇಬಿಗೆ ಹೋಗಿ ಫೋನನ್ನು ಹೊರಗೆ ತೆಗೆದೇ ಬಿಟ್ಟಿತ್ತು. ಆಗ ಎದುರಿಗೆ ಯಾರೂ ಅಡ್ಡ ಬರಲಿಲ್ಲ, ಏನೂ ಆಗಲಿಲ್ಲ, ಆದರೂ ನನ್ನ ಬಲಗಾಲು ಬಲವಾಗಿ ಊರಿತು. ಇದು ಸ್ಕೂಲಿನ ಕಾರು, ಬ್ರೇಕು ಇತ್ತು. ಕಾರು ನಡುರಸ್ತೆಯಲ್ಲಿ ಗಕ್ಕೆಂದು ನಿಂತಿತು. ಹಿಂದಿನಿಂದ ಹಾರ್ನಿನ ಮಳೆ. ಹುಡುಗಿ ಹೆದರಿ ನನ್ನ ಕಡೆ ತಿರುಗಿ, "ನಾನು ಎಂತ ತಪ್ಪು ಮಾಡಿದೆ ಮಾಸ್ಟ್ರೇ?" ಎಂದಳು.

ಆ ಬ್ರೇಕನ್ನು ಇಷ್ಟು ವರ್ಷ ನಾನು ಕಲಿಯುವವರ ತಪ್ಪಿಗೆಂದೇ ಇಟ್ಟುಕೊಂಡಿದ್ದೆ. "ನೀವಲ್ಲ, ನಾನು," ಎಂದೆ. "ನೀವು ಎದುರು ನೋಡಿ."